ಮದುವೆಯ ಕೆಲಸಕ್ಕೆ ನಚ್ಚಿನ ಜನ

ಹಳಗನ್ನಡದಲ್ಲಿ ನಂಬಿಕೆಗೆ ‘ನಚ್ಚು’ ಎಂಬ ಚೆಲುವಾದ ಮಾತೊಂದುಂಟು. ‘ನೆಚ್ಚಿನ ಗೆಳೆಯ’ ಎನ್ನುವಾಗ ಇಂದಿಗೂ ನಾವು ಬಳಸುವುದು ಅದನ್ನೇ. ಮನೆಯಲ್ಲಿ ಮದುವೆ ಗೊತ್ತಾದೊಡನೆ ನಾವೆಲ್ಲ ಅರಸಿ ಹೊರಡುವುದು ಇಂಥ ನಚ್ಚಿನ ಜನರನ್ನು: ಛತ್ರದವರು, ಅಡುಗೆಯವರು, ಓಲಗದವರು, ಹೂವಿನವರು, ಫೋಟೋ ತೆಗೆಯುವವರು. ಇವರನ್ನು ಆರಿಸಿಕೊಳ್ಳುವ ಬಗೆ ಹೇಗೆ?

ಹಿಂದೆ ಈ ಚಿಂತೆ ಇಷ್ಟಿರಲಿಲ್ಲ. ಅಡುಗೆಯ ಭಟ್ಟರು ಪಕ್ಕದ ಬೀದಿಯವರು. ಓಲಗದವರು ಊರ ದೇವಸ್ಥಾನದ ಸೇವೆಯವರು. ಚಪ್ಪರದ ಗರಿ ನೆಂಟರ ತೋಟದ್ದು. ಕೊನೆಯ ಪಂಕ್ತಿಗೆ ಸಾರು ಸಾಲದೆ ಹೋದರೆ, ಮರುದಿನ ಅದೇ ಬೀದಿಯಲ್ಲಿ ತಲೆ ತಗ್ಗಿಸಿ ನಡೆಯಬೇಕಲ್ಲ ಎಂಬ ಅಳುಕು ಅವರಿಗಿತ್ತು. ಊರಿನ ಕಣ್ಣೇ ಕರಾರುಪತ್ರವಾಗಿತ್ತು. ಇಂದು ಮಾತುಕತೆಯೂ ಫೋನಿನಲ್ಲಿ, ಮುಂಗಡವೂ ಫೋನಿನಲ್ಲಿ. ಮಾತು ತಪ್ಪಿದವನನ್ನು ಯಾವ ಬೀದಿಯಲ್ಲಿ ಹುಡುಕೋಣ? ಊರಿನ ಕಣ್ಣು ಮಾಡುತ್ತಿದ್ದ ಕೆಲಸವನ್ನು ಈಗ ನಾವೇ ಮಾಡಬೇಕಾಗಿದೆ.

ಮೊದಲನೆಯದು, ಹೋಗಿ ನೋಡುವುದು. ಖಾಲಿ ಇದ್ದಾಗ ಎಲ್ಲ ಛತ್ರವೂ ಚೆನ್ನವೇ. ಲಗ್ನದ ದಿನ ಊಟದ ಹೊತ್ತಿಗೆ, ಅಲ್ಲಿಯವರ ಒಪ್ಪಿಗೆ ಪಡೆದು, ಒಮ್ಮೆ ಹೋಗಿ ಬನ್ನಿ. ಕೈ ತೊಳೆಯುವಲ್ಲಿ ನೀರು ಬರುತ್ತಿದೆಯೇ, ವಯಸ್ಸಾದವರು ಊಟಕ್ಕೆ ಎಷ್ಟು ಮೆಟ್ಟಿಲು ಹತ್ತಬೇಕು ಎಂಬುದು ಆಗಲೇ ತಿಳಿಯುತ್ತದೆ. ಅಡುಗೆಯವರ ವಿಚಾರವನ್ನು ಈಚೆಗೆ ಅವರಿಂದ ಅಡುಗೆ ಮಾಡಿಸಿದ ಎರಡು ಮನೆಗಳಲ್ಲಿ ಕೇಳಿ. ‘ಊಟ ಹೇಗಿತ್ತು?’ ಎಂದರೆ ಸೌಜನ್ಯಕ್ಕೆ ‘ಚೆನ್ನಾಗಿತ್ತು’ ಎಂದಾರು. ‘ಕೊನೆಯ ಪಂಕ್ತಿಗೆ ಪಾಯಸ ಉಳಿದಿತ್ತೆ? ಆಡಿದ ಲೆಕ್ಕಕ್ಕಿಂತ ಹೆಚ್ಚು ಕೇಳಿದರೆ?’ ಎಂದು ಕೇಳಿದರೆ ನಿಜ ಹೊರಬೀಳುತ್ತದೆ.

ಎರಡನೆಯದು, ಬರೆದಿಟ್ಟುಕೊಳ್ಳುವುದು. ‘ಎಲೆಗೆ ಇಷ್ಟು’ ಎಂದು ಒಪ್ಪಿದರೆ ಸಾಲದು. ಏನೇನು ಬಗೆ, ಬಡಿಸುವವರು ಎಷ್ಟು ಮಂದಿ, ಪಾತ್ರೆಯ ಬಾಡಿಗೆ ಯಾರದು, ಎಲೆ ಎಣಿಸುವವರು ಯಾರು, ಮದುವೆ ಮುಂದಕ್ಕೆ ಹೋದರೆ ಮುಂಗಡದಲ್ಲಿ ಎಷ್ಟು ಹಿಂದಿರುಗುತ್ತದೆ—ಇಷ್ಟೂ ಕಾಗದದ ಮೇಲಿರಲಿ. ಹಣವನ್ನು ಕಂತಿನಲ್ಲಿ ಕೊಡಿ. ಒಂದು ಪಾಲು ಕೆಲಸ ಮುಗಿಯುವ ತನಕ ನಿಮ್ಮಲ್ಲೇ ಉಳಿಯಲಿ. ಶುಭಕಾರ್ಯದಲ್ಲಿ ರಸೀತಿ ಕೇಳಲು ನಮಗೆ ಸಂಕೋಚ. ಆದರೆ ರಸೀತಿಯೆಂದರೆ ಅಪನಂಬಿಕೆಯಲ್ಲ. ಇನ್ನೂರು ಎಲೆ ಎಂದು ಹೇಳಿ ಮುನ್ನೂರು ಮಂದಿಯನ್ನು ಕೂರಿಸುವ ಮನೆಯವರೂ ಉಂಟು. ಪ್ರಾಮಾಣಿಕನಾದ ಅಡುಗೆಯವನಿಗೂ ಆ ಕಾಗದವೇ ರಕ್ಷೆ. ಬರೆದುಕೊಡಲು ಒಲ್ಲೆನೆನ್ನುವವನ ಮಾತು ಎಷ್ಟು ಸಿಹಿಯಾದರೂ ಬೇರೆಯವರನ್ನು ನೋಡುವುದು ಲೇಸು.

ಮೂರನೆಯದು, ಕಾನೂನು ಕೊಟ್ಟಿರುವ ಗುರುತುಗಳು. ಅಡುಗೆಯ ಕಂಟ್ರಾಕ್ಟರರು ಆಹಾರ ಸುರಕ್ಷತೆಯ ಕಾನೂನಿನಂತೆ ನೋಂದಣಿ ಅಥವಾ ಪರವಾನಗಿ ಪಡೆದಿರಬೇಕು. ಅದರ ಸಂಖ್ಯೆ 14 ಅಂಕಿಯದು. ಚಿನ್ನ ಕೊಳ್ಳುವಾಗ ಹಾಲ್‌ಮಾರ್ಕ್ ನೋಡಿ. 2023ರ ಏಪ್ರಿಲ್ 1ರಿಂದ ಹಾಲ್‌ಮಾರ್ಕಿನ ಒಡವೆಯ ಮೇಲೆ ಅಕ್ಷರವೂ ಅಂಕಿಯೂ ಬೆರೆತ 6 ಸ್ಥಾನಗಳ ಗುರುತು ಇರಲೇಬೇಕೆಂದು ವಿಧಿಸಲಾಗಿದೆ. ಭಾರತೀಯ ಮಾನಕ ಸಂಸ್ಥೆಯ ಬಿಐಎಸ್ ಕೇರ್ ಆ್ಯಪಿನಲ್ಲಿ ಅದನ್ನು ಮನೆಯಲ್ಲೇ ಪರೀಕ್ಷಿಸಬಹುದು. ಇಷ್ಟಾಗಿಯೂ ಮೋಸವಾದರೆ, 2019ರ ಗ್ರಾಹಕರ ಸಂರಕ್ಷಣಾ ಅಧಿನಿಯಮವುಂಟು. ಎರಡು ವರ್ಷದೊಳಗೆ ಜಿಲ್ಲಾ ಆಯೋಗಕ್ಕೆ ದೂರು ಕೊಡಬಹುದು. ಕೊಟ್ಟ ಹಣ 5 ಲಕ್ಷ ರೂಪಾಯಿ ಮೀರದಿದ್ದರೆ ಶುಲ್ಕವಿಲ್ಲ. ಸಲಹೆಗೆ 1915 ಎಂಬ ಸಹಾಯವಾಣಿಯಿದೆ. ಅಲ್ಲಿಯೂ ಮೊದಲು ಕೇಳುವುದು ಅದೇ ಕಾಗದ, ಅದೇ ರಸೀತಿ.

ಆದರೆ ಕಾನೂನು ಕಳೆದ ಹಣವನ್ನು ಕೊಡಿಸೀತು, ಕಳೆದ ಮುಹೂರ್ತವನ್ನು ಕೊಡಿಸಲಾರದು. ವರ್ಷಗಟ್ಟಲೆ ಕೂಡಿಟ್ಟ ಹಣ, ಹೆಣ್ಣುಮಗಳ ಧಾರೆಯ ಗಳಿಗೆ, ಮನೆಗೆ ಬಂದ ಬೀಗರ ಮುಂದಿನ ಮಾನ—ಇವು ಮತ್ತೆ ಬರುವಂಥವಲ್ಲ. ಆದ್ದರಿಂದ ಎಚ್ಚರಿಕೆ ಮೊದಲೇ ಇರಲಿ.

ಕಡೆಗೆ ಒಂದು ಮಾತು. ಕೆಲಸ ಚೆನ್ನಾಗಿ ನಡೆದರೆ ಬಾಕಿಯನ್ನು ಅಂದೇ ಸಲ್ಲಿಸಿ, ತಾಂಬೂಲ ಕೊಟ್ಟು ಕಳುಹಿಸಿ. ನಾಲ್ಕು ಮನೆಗಳಿಗೆ ಅವರ ಹೆಸರು ಹೇಳಿ. ಕೆಟ್ಟದ್ದಾದರೆ ಅದನ್ನೂ ಮುಚ್ಚಿಡದೆ ಹೇಳಿ. ಹೋದ ಊರಿನ ಕಣ್ಣು ಮತ್ತೆ ತೆರೆಯುವುದು ಹೀಗೆಯೇ.