ಬಾಣಂತಿಯ ಎದೆಯುರಿ: ಔಷಧವೂ ಬೇಕು, ಹಾಲೂ ನಿಲ್ಲಬಾರದು

(ಶ್ರೀರಂಗಪಟ್ಟಣ, ಪಾಂಡವಪುರ, ಕೆ.ಆರ್. ಪೇಟೆ ಮತ್ತು ನಾಗಮಂಗಲದ ಕುಟುಂಬ ಸಭೆಗಳಲ್ಲಿ ಮಾಡಿದ ಭಾಷಣದ ಲಿಖಿತ ರೂಪ)



ಮದ್ರಸದಲ್ಲಿ ನಾವು ಓದಿದ ಫಿಕ್ಹ್ ಗ್ರಂಥಗಳಲ್ಲಿ ಸ್ತನ್ಯಪಾನದ ಕುರಿತು ಒಂದು ಅಧ್ಯಾಯವೇ ಇತ್ತು. ಎಷ್ಟು ಬಾರಿ ಹಾಲುಂಡರೆ ಹಾಲಿನ ಸಂಬಂಧ ಏರ್ಪಡುತ್ತದೆ, ಆ ಮೂಲಕ ಯಾರಿಗೆ ಯಾರು ಮಹ್ರಮ್ ಆಗುತ್ತಾರೆ, ಇದರಲ್ಲಿ ಹನಫಿ ಮತ್ತು ಶಾಫಿಈ ವಿದ್ವಾಂಸರ ಭಿನ್ನಾಭಿಪ್ರಾಯವೇನು ಎಂಬುದನ್ನೆಲ್ಲ ಕಂಠಪಾಠ ಮಾಡಿದೆವು. ಆದರೆ ಹಾಲುಣಿಸುವ ಆ ತಾಯಿಗೆ ಅರ್ಧರಾತ್ರಿಯಲ್ಲಿ ಎದೆಯುರಿ ಕಾಣಿಸಿಕೊಂಡರೆ ಆಕೆ ಯಾವ ಔಷಧ ಸೇವಿಸಬಹುದೆಂದು ಯಾರೂ ಹೇಳಲಿಲ್ಲ, ನಾವೂ ಕೇಳಲಿಲ್ಲ. ನಾವು ವೈದ್ಯರಲ್ಲ. ತಿಳಿದವರಿಂದ ತಿಳಿದು, ಸರಳವಾಗಿ ಹೇಳುವ ಪತ್ರಕರ್ತನ ಕೆಲಸವನ್ನಷ್ಟೇ ಇಲ್ಲಿ ಮಾಡುತ್ತಿದ್ದೇವೆ.

ನಮ್ಮ ಮನೆಗಳಲ್ಲಿ ನಡೆಯುವುದು ಹೀಗೆ. ಬಾಣಂತಿ ಎದೆ ಉರಿಯುತ್ತಿದೆ ಎನ್ನುತ್ತಾಳೆ. ಪತಿಯೋ ಮೈದುನನೋ ಅಂಗಡಿಗೆ ಹೋಗಿ ‘ಗ್ಯಾಸ್ಟ್ರಿಕ್ ಮಾತ್ರೆ ಕೊಡಿ’ ಎನ್ನುತ್ತಾನೆ. ಯಾರಿಗೆಂದು ಹೇಳುವುದಿಲ್ಲ; ಹಾಲುಣಿಸುವ ಹೆಣ್ಣಿಗೆಂದು ಹೇಳಲು ಆತನಿಗೆ ಸಂಕೋಚ. ಅಂಗಡಿಯವನು ಕೈಗೆ ಸಿಕ್ಕಿದ್ದನ್ನು ಕೊಡುತ್ತಾನೆ. ಮನೆಯಲ್ಲಿ ಹಿರಿಯರೊಬ್ಬರು, ಔಷಧ ಹಾಲಿನಲ್ಲಿ ಇಳಿಯುತ್ತದೆ, ಎರಡು ದಿನ ಮಗುವಿಗೆ ಡಬ್ಬಿಯ ಹಾಲು ಕೊಡೋಣ ಎನ್ನುತ್ತಾರೆ. ಎರಡು ದಿನ ಹಾಲು ಕುಡಿಸದಿದ್ದರೆ ಎದೆ ಬಿಗಿದು ಹಾಲು ಕಡಿಮೆಯಾಗುತ್ತದೆ, ಎರಡು ದಿನ ಎರಡು ವಾರವಾಗುತ್ತದೆ. ಇದಕ್ಕೆ ಹೆದರಿದ ಇನ್ನೊಬ್ಬ ತಾಯಿ ಔಷಧವನ್ನೇ ಮುಟ್ಟದೆ, ಊಟ ಬಿಟ್ಟು, ಕುಳಿತೇ ರಾತ್ರಿ ಕಳೆಯುತ್ತಾಳೆ. ಎರಡೂ ಅನಗತ್ಯ.

ಅಲ್‌ಬಕರ ಅಧ್ಯಾಯದ 233ನೇ ಸೂಕ್ತವನ್ನು ಪೂರ್ಣ ಎರಡು ವರ್ಷ ಹಾಲುಣಿಸುವ ಆದೇಶವೆಂದು ಮಾತ್ರ ನಾವು ಉಲ್ಲೇಖಿಸುತ್ತೇವೆ. ಅದೇ ಸೂಕ್ತವು ತಾಯಿಯ ಅನ್ನವಸ್ತ್ರದ ಹೊಣೆಯನ್ನು ತಂದೆಯ ಮೇಲಿರಿಸುತ್ತದೆ. ಮಗುವಿನ ಕಾರಣದಿಂದ ತಾಯಿಗೆ ತೊಂದರೆಯಾಗಬಾರದೆಂದೂ ಹೇಳುತ್ತದೆ. ಹಾಲು ಬಿಡಿಸುವುದಾದರೆ ತಂದೆತಾಯಿ ಪರಸ್ಪರ ಒಪ್ಪಿ, ಸಮಾಲೋಚಿಸಿ ನಿರ್ಧರಿಸಬೇಕೆನ್ನುತ್ತದೆ. ಅತ್ತೆಯ ಭಯವಾಗಲಿ ಅಂಗಡಿಯವನ ಊಹೆಯಾಗಲಿ ಆ ಸಮಾಲೋಚನೆಯ ಸ್ಥಾನವನ್ನು ಪಡೆಯುವಂತಿಲ್ಲ.

ಔಷಧಕ್ಕೆ ಮುನ್ನ ಎದೆಯುರಿಯ ಮೂಲವನ್ನು ನೋಡೋಣ. ನಮ್ಮ ಮನೆಗಳ ಛಿಲ್ಲಾದ ನಲವತ್ತು ದಿನಗಳಲ್ಲಿ ಬಾಣಂತಿಗೆ ತುಪ್ಪ, ಬೆಳ್ಳುಳ್ಳಿ, ಕರಿಮೆಣಸು, ಒಣಶುಂಠಿಯ ಆಹಾರ ಕೊಡುತ್ತೇವೆ. ಅದರಲ್ಲಿ ಪ್ರೀತಿಯಿದೆ, ಅದನ್ನು ಹಾಸ್ಯ ಮಾಡಲಾರೆವು. ಆದರೆ ಹೊಟ್ಟೆ ತುಂಬ ಉಣಿಸಿದ ತಕ್ಷಣ ‘ಮಲಗು ತಾಯಿ’ ಎನ್ನುತ್ತೇವೆ. ಜಠರದ ಆಮ್ಲ ಮೇಲೇರಲು ಇದಕ್ಕಿಂತ ಸುಲಭ ಮಾರ್ಗವಿಲ್ಲ. ಊಟದ ನಂತರ ಎರಡು ಮೂರು ಗಂಟೆ ಮಲಗದಿರುವುದು, ಒಮ್ಮೆಗೆ ಕಡಿಮೆ ಉಂಡು ಹೆಚ್ಚು ಬಾರಿ ಉಣ್ಣುವುದು, ಮಂಚದ ತಲೆಭಾಗವನ್ನು ಸ್ವಲ್ಪ ಎತ್ತರಿಸುವುದು, ಇಷ್ಟರಿಂದಲೇ ಹಲವರಿಗೆ ಉಪಶಮನ ದೊರೆಯುತ್ತದೆ. ಬಾಣಂತಿಗೆ ನೀರು ಕಡಿಮೆ ಕೊಡುವ ಪದ್ಧತಿಯೂ ಈ ಭಾಗದಲ್ಲಿದೆ. ಅದನ್ನು ಇಂದೇ ಕೈಬಿಡಬೇಕು. ಹಾಲುಣಿಸುವವಳಿಗೆ ಬಾಯಾರಿಕೆ ಹೆಚ್ಚು, ನೀರು ಸಿಗದಿದ್ದರೆ ಮಲಬದ್ಧತೆ ಬೇರೆ. ಸಿಸೇರಿಯನ್ ನಂತರ ಕೊಡುವ ಕೆಲವು ನೋವಿನ ಮಾತ್ರೆಗಳೂ ಜಠರವನ್ನು ಕೆರಳಿಸುತ್ತವೆ. ಅವನ್ನು ಖಾಲಿ ಹೊಟ್ಟೆಯಲ್ಲಿ ನುಂಗಬಾರದು.

ಇಷ್ಟಾದರೂ ಉರಿ ನಿಲ್ಲದಿದ್ದರೆ ಔಷಧ ಬೇಕು. ಅಲ್ಯುಮಿನಿಯಂ ಹೈಡ್ರಾಕ್ಸೈಡ್ ಮತ್ತು ಮೆಗ್ನೀಷಿಯಂ ಹೈಡ್ರಾಕ್ಸೈಡ್ ಸೇರಿದ ಸಾಮಾನ್ಯ ಆಂಟಾಸಿಡ್ ದ್ರವ ಅಥವಾ ಚೀಪುವ ಮಾತ್ರೆಯು ಜಠರದಲ್ಲಿಯೇ ಕೆಲಸ ಮಾಡುತ್ತದೆ, ರಕ್ತಕ್ಕೆ ಸೇರುವುದು ಅತ್ಯಲ್ಪ, ಹಾಲಿಗೆ ಬರುವುದು ಅದಕ್ಕಿಂತಲೂ ಅಲ್ಪ. ಇದಕ್ಕಾಗಿ ಹಾಲು ನಿಲ್ಲಿಸಬೇಕಿಲ್ಲ, ಹಿಂಡಿ ಚೆಲ್ಲಬೇಕಿಲ್ಲ. ಅಲ್ಯುಮಿನಿಯಂ ಮಲ ಗಟ್ಟಿ ಮಾಡುತ್ತದೆ, ಮೆಗ್ನೀಷಿಯಂ ಸಡಿಲಿಸುತ್ತದೆ. ಎರಡನ್ನೂ ಬೆರೆಸುವ ಕಾರಣವೇ ಅದು. ಮೂತ್ರಪಿಂಡದ ಕಾಯಿಲೆಯಿರುವವರು ಮಾತ್ರ ವೈದ್ಯರನ್ನು ಕೇಳದೆ ಇದನ್ನು ಸೇವಿಸಬಾರದು. ದಿನಗಳು ತುಂಬುವ ಮೊದಲೇ ಹುಟ್ಟಿದ ಅಥವಾ ಅಸ್ವಸ್ಥ ಮಗುವಿದ್ದರೂ ಹಾಗೆಯೇ.

ನೀರಿಗೆ ಹಾಕಿದರೆ ಬುರುಗೇಳುವ ಪುಡಿಗಳಲ್ಲಿ ಅಡಿಗೆ ಸೋಡಾ ಇರುತ್ತದೆ. ಒಮ್ಮೆ ಕುಡಿದರೆ ಆಪತ್ತಿಲ್ಲ. ನಿತ್ಯದ ಅಭ್ಯಾಸವಾದರೆ ಸೋಡಿಯಂ ಹೆಚ್ಚುತ್ತದೆ. ರಕ್ತದೊತ್ತಡ ಇದ್ದವರು ದೂರವಿರಬೇಕು. ರಾನಿಟಿಡಿನ್ ನಮ್ಮಲ್ಲಿ ಮನೆಮಾತಾಗಿದ್ದ ಔಷಧ. ಅದರಲ್ಲಿ ಕ್ಯಾನ್ಸರ್‌ಕಾರಕವೆಂದು ಶಂಕಿಸಲಾದ ಕಲ್ಮಶ 2019ರಲ್ಲಿ ಪತ್ತೆಯಾಯಿತು. 2020ರ ಏಪ್ರಿಲ್‌ನಲ್ಲಿ ಅಮೆರಿಕದ ಔಷಧ ನಿಯಂತ್ರಕರು ಅದನ್ನು ಮಾರುಕಟ್ಟೆಯಿಂದ ಹಿಂಪಡೆಯಲು ಸೂಚಿಸಿದರು. ಭಾರತ 2022ರಲ್ಲಿ ಅಗತ್ಯ ಔಷಧಗಳ ರಾಷ್ಟ್ರೀಯ ಪಟ್ಟಿಯಿಂದ ಅದನ್ನು ಕೈಬಿಟ್ಟಿತು. ಅದೇ ಗುಂಪಿನ ಫಮೋಟಿಡಿನ್ ಹಾಲಿಗೆ ಕಡಿಮೆ ಸೇರುತ್ತದೆ. ಒಮೆಪ್ರಜೋಲ್, ಪ್ಯಾಂಟೊಪ್ರಜೋಲ್ ಕೂಡ ಹಾಲಿನಲ್ಲಿ ಅತ್ಯಲ್ಪ. ಆದರೆ ಇವು ವೈದ್ಯರು ಅವಧಿ ನಿಗದಿಪಡಿಸಿ ಕೊಡಬೇಕಾದ ಔಷಧಗಳೇ ಹೊರತು ತಿಂಗಳುಗಟ್ಟಲೆ ನಾವೇ ತಂದು ನುಂಗುವಂಥವಲ್ಲ.

ಪ್ಯಾಂಟೊಪ್ರಜೋಲ್ ಜೊತೆ ಡೊಂಪೆರಿಡೋನ್ ಬೆರೆಸಿದ ಕ್ಯಾಪ್ಸೂಲ್ ಬಗ್ಗೆ ವಿಶೇಷವಾಗಿ ಹೇಳಲೇಬೇಕು, ಏಕೆಂದರೆ ‘ಗ್ಯಾಸ್ಟ್ರಿಕ್ ಮಾತ್ರೆ’ ಎಂದಾಗ ಅನೇಕ ಬಾರಿ ಕೈಗೆ ಬರುವುದು ಅದೇ. ಡೊಂಪೆರಿಡೋನ್ ಹಾಲು ಸ್ರವಿಸುವ ಹಾರ್ಮೋನನ್ನು ಹೆಚ್ಚಿಸುತ್ತದೆ. ಹಾಗಾದರೆ ಒಳ್ಳೆಯದೇ ಅಲ್ಲವೇ ಎಂದು ಕೇಳುವವರಿದ್ದಾರೆ. ಆದರೆ ಅದು ಕೆಲವರಲ್ಲಿ ಹೃದಯದ ಬಡಿತದ ಲಯವನ್ನು ಕೆಡಿಸಬಲ್ಲದು, ಕೆಲವು ಆಂಟಿಬಯೋಟಿಕ್ ಮತ್ತು ಫಂಗಸ್ ಔಷಧಗಳ ಜೊತೆ ಸೇರಿದರೆ ಅಪಾಯ ಹೆಚ್ಚು. ಹಾಲುಣಿಸುವ ತಾಯಂದಿರು ಇದನ್ನು ಬಳಸುವುದರ ವಿರುದ್ಧ ಅಮೆರಿಕದ ನಿಯಂತ್ರಕರು 2004ರಲ್ಲಿಯೇ ಎಚ್ಚರಿಸಿದ್ದರು. ವೈದ್ಯರು ಪರೀಕ್ಷಿಸಿ ಬರೆದುಕೊಟ್ಟರೆ ಬೇರೆ ಮಾತು.

ಈಗ ಹೆಚ್ಚು ಜನ ಗಮನಿಸದ ವಿಷಯ. ಅನೀಮಿಯಾ ಮುಕ್ತ ಭಾರತ ಕಾರ್ಯಕ್ರಮದಡಿ ಹೆರಿಗೆಯ ನಂತರ 180 ದಿನ ಪ್ರತಿನಿತ್ಯ ಒಂದು ಕಬ್ಬಿಣಾಂಶದ ಮಾತ್ರೆ ಸೇವಿಸಬೇಕು. ಆಶಾ ಕಾರ್ಯಕರ್ತೆಯರ ಬಳಿ ಅದು ಉಚಿತ. ನಮ್ಮ ರಾಜ್ಯದಲ್ಲಿ ಅರ್ಧಕ್ಕೆ ಸಮೀಪದಷ್ಟು ಮಹಿಳೆಯರು ರಕ್ತಹೀನರು. ಕಬ್ಬಿಣದ ಮಾತ್ರೆಯ ಜೊತೆಗೇ ಆಂಟಾಸಿಡ್ ಕುಡಿದರೆ ಕಬ್ಬಿಣ ದೇಹಕ್ಕೆ ಹತ್ತುವುದಿಲ್ಲ. ಆಕೆ ಆರು ತಿಂಗಳು ಮಾತ್ರೆ ನುಂಗಿದ್ದಾಳೆ, ರಕ್ತ ಮಾತ್ರ ಏರಿಲ್ಲ, ಮನೆಯವರು ಸರಕಾರಿ ಮಾತ್ರೆಯನ್ನು ದೂರುತ್ತಾರೆ. ಇವೆರಡರ ನಡುವೆ ಕನಿಷ್ಠ 2 ಗಂಟೆಗಳ ಅಂತರವಿರಲಿ. ಕ್ಯಾಲ್ಸಿಯಂ ಮಾತ್ರೆಗೂ ಕಬ್ಬಿಣಕ್ಕೂ ಇದೇ ಅಂತರ. ಥೈರಾಯ್ಡ್ ಮಾತ್ರೆ ಸೇವಿಸುವವರಿಗೆ ಇನ್ನೂ ಹೆಚ್ಚು, 4 ಗಂಟೆ. ಕಬ್ಬಿಣದಿಂದಲೇ ಉರಿ ಬರುತ್ತಿದ್ದರೆ ಮಾತ್ರೆ ನಿಲ್ಲಿಸದೆ ಊಟದ ನಂತರಕ್ಕೆ ಬದಲಿಸಿ ನೋಡಬೇಕು.

ಎಲ್ಲ ಉರಿಯೂ ಆಮ್ಲದ್ದಲ್ಲ. ಹೆರಿಗೆಯಾದ ಆರು ವಾರಗಳೊಳಗೆ ಪಕ್ಕೆಲುಬಿನ ಕೆಳಗೆ ತೀವ್ರ ನೋವು, ಅದರೊಂದಿಗೆ ತಲೆನೋವು, ಕಣ್ಣು ಮಂಜಾಗುವುದು, ಮುಖ ಊದುವುದು ಕಂಡರೆ ಅದು ರಕ್ತದೊತ್ತಡದ ಅಪಾಯಕರ ಸ್ಥಿತಿಯಿರಬಹುದು. ಮಲಗಿದರೆ ಉಸಿರು ಕಟ್ಟುವುದು, ಎದೆ ಒತ್ತಿದಂತಾಗುವುದು, ಕಪ್ಪು ಮಲ, ರಕ್ತ ವಾಂತಿ, ಇವುಗಳಿಗೆ ಆಂಟಾಸಿಡ್ ಕುಡಿಸಿ ಬೆಳಗಿನವರೆಗೆ ಕಾಯಬಾರದು. 108ಕ್ಕೆ ಕರೆ ಮಾಡಿ. ನಾಲ್ಕೂ ಊರುಗಳಲ್ಲಿ ತಾಲೂಕು ಆಸ್ಪತ್ರೆಯಿದೆ. ಮಂಡ್ಯದ ವೈದ್ಯಕೀಯ ವಿಜ್ಞಾನ ಸಂಸ್ಥೆ, ನಾಗಮಂಗಲ ತಾಲೂಕಿನ ಬಿ.ಜಿ. ನಗರದ ವೈದ್ಯಕೀಯ ಕಾಲೇಜು, ಶ್ರೀರಂಗಪಟ್ಟಣದವರಿಗೆ ಮೈಸೂರಿನ ಚೆಲುವಾಂಬ ಆಸ್ಪತ್ರೆ ಇವೆ. ಮನೆಯಲ್ಲಿ ಗಂಡಸರಿಲ್ಲವೆಂದು, ಬುರ್ಖಾ ಸಿಗಲಿಲ್ಲವೆಂದು, ಛಿಲ್ಲಾ ಮುಗಿದಿಲ್ಲವೆಂದು ತಡ ಮಾಡುವುದನ್ನು ಶರೀಅತ್ ಎಲ್ಲಿಯೂ ಬಯಸಿಲ್ಲ.

ರಮಝಾನಿನ ಬಗ್ಗೆ ಒಂದೇ ಮಾತು. ತನಗೆ ಅಥವಾ ಮಗುವಿಗೆ ತೊಂದರೆಯಾಗುವ ಭಯವಿದ್ದರೆ ಹಾಲುಣಿಸುವಾಕೆಗೆ ಉಪವಾಸ ಮುಂದೂಡುವ ರಿಯಾಯಿತಿಯಿದೆ. ರಿಯಾಯಿತಿ ಪಡೆದವಳನ್ನು ದುರ್ಬಲ ಈಮಾನಿನವಳೆಂದು ನೋಡುವ ಕಣ್ಣುಗಳು ನಮ್ಮಲ್ಲಿವೆ. ಉಪವಾಸ ಮಾಡುವವಳಾದರೆ ಇಫ್ತಾರಿನ ಕರಿದ ತಿಂಡಿಗಳ ತಟ್ಟೆಯನ್ನು ಆಕೆಯ ಮುಂದಿನಿಂದ ಸ್ವಲ್ಪ ಸರಿಸಿ.

ಪಾಂಡವಪುರದಲ್ಲಿ ಒಬ್ಬ ಅಜ್ಜಿ, ಓಮದ ನೀರು ಕೊಡಬಹುದೇ ಎಂದು ಕೇಳಿದರು. ಮಿತವಾಗಿ ಕೊಡಬಹುದು, ಆದರೆ ಎರಡು ವಾರ ಕಳೆದರೂ ಉರಿ ಉಳಿದರೆ ವೈದ್ಯರಲ್ಲಿಗೆ ಕರೆದೊಯ್ಯಿರಿ ಎಂದೆವು. ಕೆ.ಆರ್. ಪೇಟೆಯಲ್ಲಿ ಒಬ್ಬ ಯುವಕ, ಅಂಗಡಿಯಲ್ಲಿ ಏನೆಂದು ಕೇಳಬೇಕೆಂದ. ‘ಹಾಲುಣಿಸುವ ತಾಯಿಗೆ, ಮಗುವಿಗೆ ಇಷ್ಟು ತಿಂಗಳು, ಆಕೆ ಸೇವಿಸುತ್ತಿರುವ ಮಾತ್ರೆಗಳು ಇವು’ ಎಂದು ಚೀಟಿಯಲ್ಲಿ ಬರೆದುಕೊಂಡು ಹೋಗಲು ಹೇಳಿದೆವು. ಬಾಯಿಂದ ಹೇಳಲು ನಾಚಿಕೆಯಾದರೆ ಚೀಟಿಯನ್ನು ಮುಂದಿಟ್ಟರೂ ಸಾಕು.