ಜ್ವರದ ದಿನಗಳೂ ಪ್ರತಿಕಾಯದ ಲೆಕ್ಕವೂ
(ಶತಮಾನೋತ್ಸವ ಸಭೆಯಲ್ಲಿ ಮಾಡಿದ ಉಪನ್ಯಾಸದ ಬರಹರೂಪ)

 

1953ರ ಅಕ್ಟೋಬರ್ 1ರಂದು ಆದೋನಿ, ಆಲೂರು, ರಾಯದುರ್ಗ ತಾಲ್ಲೂಕುಗಳು ಬಳ್ಳಾರಿ ಜಿಲ್ಲೆಯಿಂದ ಬೇರ್ಪಟ್ಟು ಆಂಧ್ರ ರಾಜ್ಯಕ್ಕೆ ಸೇರಿದವು. ಮನೆಯಲ್ಲಿ ಕನ್ನಡ, ಕಚೇರಿಯಲ್ಲಿ ತೆಲುಗು, ಆಸ್ಪತ್ರೆಯ ಕಾಗದದಲ್ಲಿ ಇಂಗ್ಲಿಷ್ ಎಂಬುದು ನಮ್ಮ ಬಾಳಿನ ಕ್ರಮವಾಗಿದೆ. ಆ ಆಸ್ಪತ್ರೆಯ ಕಾಗದದ ಒಂದು ಸಾಲನ್ನು ಕನ್ನಡದಲ್ಲಿ ಬಿಡಿಸಿ ಹೇಳುವುದಷ್ಟೇ ಇಂದಿನ ನನ್ನ ಉದ್ದೇಶ. ಅದು ಪ್ರತಿಕಾಯಗಳ ಸಾಲು.

ಕೋವಿಡ್ ಬಂದು ಆಸ್ಪತ್ರೆ ಸೇರಿದವರ ರಕ್ತವನ್ನು ವಾರವಾರಕ್ಕೆ ಪರೀಕ್ಷಿಸಿದಾಗ ಒಂದು ಕ್ರಮ ಗೋಚರಿಸಿತು. ಹೊಸ ವೈರಸ್ಸನ್ನು ಶರೀರ ಗುರುತಿಸಿ, ಅದಕ್ಕೆ ತಕ್ಕ ಪ್ರತಿಕಾಯಗಳನ್ನು ಸಿದ್ಧಪಡಿಸಲು ಕಾಲ ಬೇಕು. ಮೊದಲ ವಾರ ಹೆಚ್ಚಿನವರ ರಕ್ತದಲ್ಲಿ ಅವು ಕಾಣಸಿಗುವುದಿಲ್ಲ. ಎರಡನೆಯ ವಾರದಲ್ಲಿ ಐಜಿಎಂ ಮತ್ತು ಐಜಿಜಿ ಎಂಬ ಎರಡು ಬಗೆಯ ಪ್ರತಿಕಾಯಗಳು ಏರತೊಡಗುತ್ತವೆ. ಮೂರನೆಯ ವಾರದ ಹೊತ್ತಿಗೆ ಬಹುತೇಕ ಎಲ್ಲರಲ್ಲಿಯೂ ಅವು ಇರುತ್ತವೆ. ಅನಂತರ ಐಜಿಎಂ ಬೇಗನೆಯೂ ಐಜಿಜಿ ತಿಂಗಳುಗಟ್ಟಲೆ ನಿಧಾನವಾಗಿಯೂ ಇಳಿಯುತ್ತವೆ.

ರೋಗ ಉಲ್ಬಣಿಸಿದವರಲ್ಲಿ ಪ್ರತಿಕಾಯಗಳ ಪ್ರಮಾಣ ಸಾಮಾನ್ಯವಾಗಿ ಹೆಚ್ಚೇ ಇತ್ತು ಎಂಬುದು ಅನೇಕರಿಗೆ ಅಚ್ಚರಿ ತಂದಿತು. ಆದ್ದರಿಂದ ಸಂಖ್ಯೆ ದೊಡ್ಡದಾದ ಮಾತ್ರಕ್ಕೆ ಅಪಾಯ ಕಳೆಯಿತೆಂದು ಹೇಳುವಂತಿಲ್ಲ. ಎಷ್ಟು ಎಂಬುದರಷ್ಟೇ ಯಾವಾಗ ಎಂಬುದೂ ಮುಖ್ಯ.

ಪ್ಲಾಸ್ಮಾ ಚಿಕಿತ್ಸೆಯ ಕಥೆ ಇದಕ್ಕೆ ನಿದರ್ಶನ. ಗುಣಮುಖರಾದವರ ರಕ್ತದ ಪ್ರತಿಕಾಯಗಳನ್ನು ರೋಗಿಗೆ ಕೊಡುವುದು ಮೇಲ್ನೋಟಕ್ಕೆ ಸರಿಯಾದ ಉಪಾಯವೇ. ಐಸಿಎಂಆರ್ 2020ರಲ್ಲಿ ದೇಶದ 39 ಆಸ್ಪತ್ರೆಗಳ 464 ರೋಗಿಗಳಲ್ಲಿ ಇದನ್ನು ಪರೀಕ್ಷಿಸಿತು. ಪ್ಲಾಸ್ಮಾ ಪಡೆದವರಲ್ಲಿ ರೋಗ ತೀವ್ರವಾಗುವುದಾಗಲಿ ಸಾವಾಗಲಿ ಕಡಿಮೆಯಾಗಲಿಲ್ಲ. ಆ ರೋಗಿಗಳಲ್ಲಿ ಬಹುಪಾಲು ಜನರ ಶರೀರ ಅಷ್ಟರಲ್ಲಾಗಲೇ ತನ್ನದೇ ಪ್ರತಿಕಾಯಗಳನ್ನು ತಯಾರಿಸಿತ್ತು. ದಾನಿಗಳ ಪ್ಲಾಸ್ಮಾದಲ್ಲಿಯೋ ಅವು ಹೆಚ್ಚಾಗಿ ಅಲ್ಪವಾಗಿದ್ದವು. ಫಲಿತಾಂಶ ಅದೇ ವರ್ಷ ಪ್ರಕಟವಾದರೂ, 2021ರ ಎರಡನೆಯ ಅಲೆಯಲ್ಲಿ ಎಷ್ಟೋ ಮನೆಯವರು ಪ್ಲಾಸ್ಮಾಕ್ಕಾಗಿ ಹಗಲಿರುಳು ಅಲೆದರು. ಆ ವರ್ಷದ ಮೇ ತಿಂಗಳಲ್ಲಿ ಅದನ್ನು ರಾಷ್ಟ್ರೀಯ ಚಿಕಿತ್ಸಾ ಸೂಚಿಯಿಂದ ಕೈಬಿಡಲಾಯಿತು.

ಹಾಗಾದರೆ ಸಂಖ್ಯೆ ಇಳಿದಾಗ ರಕ್ಷಣೆಯೂ ಅಳಿಯುವುದೇ? ಹಾಗಲ್ಲ. ಪ್ರತಿಕಾಯಗಳನ್ನು ಸುರಿಸುವ ಕೋಶಗಳಲ್ಲಿ ಬಹಳಷ್ಟು ಅಲ್ಪಾಯುಷಿಗಳು; ಅವು ಸತ್ತಂತೆ ಪ್ರಮಾಣ ತಗ್ಗುತ್ತದೆ. ಕೆಲವು ಮಾತ್ರ ಮೂಳೆಯ ಮಜ್ಜೆಯಲ್ಲಿ ನೆಲೆಸಿ ದೀರ್ಘಕಾಲ ದುಡಿಯುತ್ತವೆ. ಜೊತೆಗೆ ನೆನಪಿನ ಕೋಶಗಳು ಉಳಿಯುತ್ತವೆ. ಅದೇ ವೈರಸ್ ಮತ್ತೆ ಬಂದರೆ ಅವು ಕೆಲವೇ ದಿನಗಳಲ್ಲಿ ಎಚ್ಚೆತ್ತು ಹೆಚ್ಚುತ್ತವೆ. ಆದರೆ ಒಮೈಕ್ರಾನ್‌ನಂತೆ ವೈರಸ್ಸೇ ರೂಪ ಬದಲಿಸಿದಾಗ ಹಳೆಯ ನೆನಪು ಪೂರ್ತಿ ಸಾಲದು. ‘ಒಮ್ಮೆ ಬಂದು ಹೋಗಿದೆ, ಇನ್ನು ಲಸಿಕೆ ಏತಕ್ಕೆ’ ಎಂಬ ಮಾತು ನಿಲ್ಲದಿರುವುದು ಇದರಿಂದಲೇ.

ಇನ್ನು ಮಳೆಗಾಲದಲ್ಲಿ ನಮ್ಮನ್ನು ಕಾಡುವ ಡೆಂಗಿಯ ವಿಷಯ. ಜ್ವರದ ಮೊದಲ ಐದು ದಿನಗಳಲ್ಲಿ ಎನ್‌ಎಸ್1 ಪರೀಕ್ಷೆಯೂ, ಐದನೆಯ ದಿನದ ನಂತರ ಐಜಿಎಂ ಪರೀಕ್ಷೆಯೂ ಉಪಯುಕ್ತ. ಎರಡನೆಯ ದಿನವೇ ಐಜಿಎಂ ಮಾಡಿಸಿ, ‘ಇಲ್ಲ’ ಎಂದು ಬಂದದ್ದಕ್ಕೆ ನಿಶ್ಚಿಂತರಾಗುವುದು ಸಲ್ಲದು. ಡೆಂಗಿ ವೈರಸ್ಸಿನಲ್ಲಿ ನಾಲ್ಕು ಬಗೆಗಳಿವೆ. ಒಂದು ಬಗೆ ಬಂದು ಹೋದರೆ ಅದರ ವಿರುದ್ಧ ಬಹುಕಾಲದ ರಕ್ಷಣೆ ದೊರೆಯುತ್ತದೆ; ಆದರೆ ಬೇರೊಂದು ಬಗೆ ತಗುಲಿದಾಗ ಹಳೆಯ ಪ್ರತಿಕಾಯಗಳೇ ಕೆಲವೊಮ್ಮೆ ವೈರಸ್ಸಿಗೆ ಕೋಶದೊಳಗೆ ದಾರಿ ಮಾಡಿಕೊಡುತ್ತವೆ. ಎರಡನೆಯ ಸಲದ ಡೆಂಗಿ ಹೆಚ್ಚು ತೀವ್ರವಾಗುವ ಸಂಭವವಿರುವುದು ಇದರಿಂದ. ಜ್ವರ ಇಳಿದ ಮೇಲಿನ ಒಂದೆರಡು ದಿನಗಳೇ ಅಪಾಯದ ದಿನಗಳು. ಆಗ ಹೊಟ್ಟೆನೋವು, ಬಿಡದ ವಾಂತಿ, ರಕ್ತಸ್ರಾವ, ಅತಿಯಾದ ಸುಸ್ತು ಕಂಡರೆ ತಡಮಾಡದೆ ಆಸ್ಪತ್ರೆಗೆ ಕರೆದೊಯ್ಯಬೇಕು.

ಪೋಷಕರಲ್ಲಿ ನನ್ನ ಬಿನ್ನಹವಿಷ್ಟು. ಮಗುವಿಗೆ ಜ್ವರ ಆರಂಭವಾದ ತಾರೀಖನ್ನು ಬರೆದಿಡಿ. ಪರೀಕ್ಷೆಯ ಕಾಗದವನ್ನು ಬಿಸಾಡಬೇಡಿ. ಕೋಸಿಗಿ, ಮಂತ್ರಾಲಯದ ಕಡೆಯಿಂದ ಎಷ್ಟೋ ಕುಟುಂಬಗಳು ಗುಂಟೂರಿಗೆ ಮೆಣಸಿನಕಾಯಿ ಕೀಳಲು, ಬೆಂಗಳೂರಿಗೆ ಕಟ್ಟಡದ ಕೆಲಸಕ್ಕೆ ಹೋಗುತ್ತವೆ. ಅಲ್ಲಿ ಬಂದ ಜ್ವರದ ಕಾಗದ ಅಲ್ಲಿಯೇ ಕಳೆದುಹೋದರೆ, ಮುಂದೆ ಆದೋನಿಯಲ್ಲೋ ಕರ್ನೂಲಿನಲ್ಲೋ ಬಳ್ಳಾರಿಯಲ್ಲೋ ನೋಡುವ ವೈದ್ಯರಿಗೆ ಇದು ಮೊದಲ ಸಲವೋ ಎರಡನೆಯದೋ ತಿಳಿಯುವುದು ಕಷ್ಟ.

ಗುರುಗಳಲ್ಲಿಯೂ ಒಂದು ಪ್ರಾರ್ಥನೆಯಿದೆ. ಈ ಏರಿಳಿತದ ರೇಖೆಯನ್ನು ಕಪ್ಪುಹಲಗೆಯ ಮೇಲೆ ಬರೆದು, ಕೆಳಗೆ ದಿನಗಳನ್ನು ಗುರುತಿಸಿ, ಮಕ್ಕಳಿಗೆ ಕನ್ನಡದಲ್ಲಿ ವಿವರಿಸಿರಿ. ಮನೆಯಲ್ಲಿ ಯಾರಿಗಾದರೂ ಜ್ವರ ಬಂದಾಗ ‘ಇಂದಿಗೆ ಎಷ್ಟನೆಯ ದಿನ?’ ಎಂದು ಮೊದಲು ಕೇಳುವವರು ಆ ಮಕ್ಕಳಾಗಲಿ.