ಹುದ್ದೆ ಒಂದು, ಅರ್ಜಿ ಐನೂರು
(ಯುವಕ ಮಂಡಲದ ಸಭೆಯಲ್ಲಿ ಮಾಡಿದ ಭಾಷಣ)



ಭದ್ರಾ ನಾಲೆಯ ನೀರು ಕಂಡ ದಾವಣಗೆರೆ, ಹರಿಹರದ ಸೀಮೆಯವರಾದ ನಿಮಗೆ ಭತ್ತದ ವಿಚಾರ ನಾನು ಹೇಳಬೇಕಾದ್ದಿಲ್ಲ. ಆದರೂ ಇಂದಿನ ಮಾತನ್ನು ಭತ್ತದಿಂದಲೇ ತೊಡಗುತ್ತೇನೆ.

ಹಿಂದಿನ ತಳಿಗಳು ಎದೆಮಟ್ಟ ಬೆಳೆಯುತ್ತಿದ್ದವು. ಎತ್ತರಕ್ಕೆ ಕಾರಣಗಳು ಹಲವು. ನೆರೆಯ ಪೈರಿನ ನೆರಳಿಗೆ ಸಿಕ್ಕಬಾರದೆಂಬುದು ಅದರಲ್ಲೊಂದು. ಒಂದು ಪೈರು ಗೇಣು ಮೇಲೆದ್ದರೆ ಪಕ್ಕದ್ದು ಗೇಣಿನ ಮೇಲೆ ನಾಲ್ಕು ಬೆರಳು ಏಳುತ್ತದೆ. ಗದ್ದೆಗೆ ಬೀಳುವ ಬಿಸಿಲು ಮಾತ್ರ ಅಷ್ಟೇ. ತೆನೆ ಸೇರಬೇಕಾದ ಸಾರ ಹುಲ್ಲು ಸೇರಿತು. ಗೊಬ್ಬರ ಕೊಟ್ಟರೆ ಪೈರು ಮಲಗಿತು. 1966ರಲ್ಲಿ ಫಿಲಿಪೈನ್ಸಿನ ಸಂಶೋಧನಾ ಕೇಂದ್ರದಿಂದ ಐ.ಆರ್. 8 ಎಂಬ ಗಿಡ್ಡ ತಳಿ ಬಂತು. ಎಲ್ಲ ಪೈರೂ ಒಟ್ಟಿಗೆ ಗಿಡ್ಡವಾದಾಗ ಯಾವುದಕ್ಕೂ ನೆರಳಿನ ಕಾಟವಿಲ್ಲ, ಕಾಳು ಹೆಚ್ಚಿತು. ನೆರೆಯ ಗಿಡದೊಡನೆ ಪೈಪೋಟಿಗೆ ಇಳಿಯದ ಗಿಡವೇ ಬೆಳೆಗೆ ಒಳ್ಳೆಯದೆಂದು ಆಸ್ಟ್ರೇಲಿಯದ ವಿಜ್ಞಾನಿ ಡೊನಾಲ್ಡ್ 1968ರಲ್ಲಿ ಬರೆದರು.

ಈಗ ಮಕ್ಕಳ ವಿಚಾರಕ್ಕೆ ಬರೋಣ. ನಮ್ಮ ಹಳ್ಳಿಗಳ ಎಷ್ಟೋ ಹುಡುಗ ಹುಡುಗಿಯರು ದಾವಣಗೆರೆಯಲ್ಲಿ ಕೋಣೆ ಬಾಡಿಗೆಗೆ ಹಿಡಿದು ಸರ್ಕಾರಿ ಹುದ್ದೆಯ ಪರೀಕ್ಷೆಗೆ ಓದುತ್ತಿದ್ದಾರೆ. 2024ರಲ್ಲಿ ಗ್ರಾಮ ಆಡಳಿತ ಅಧಿಕಾರಿಯ 1,000 ಹುದ್ದೆಗಳಿಗೆ ಬಂದ ಅರ್ಜಿಗಳು ಐದು ಲಕ್ಷಕ್ಕೂ ಮೇಲೆ. ಒಂದು ಸಣ್ಣ ಲೆಕ್ಕ ಹಾಕಿ ನೋಡಿ. ಐದು ಲಕ್ಷ ಮಂದಿ ತಲಾ ಮೂರೇ ತಿಂಗಳು ಓದಿದರೆನ್ನಿ. ಅದು 1,25,000 ವರ್ಷಗಳ ದುಡಿಮೆ. ಆಯ್ಕೆಯಾದ ಸಾವಿರ ಮಂದಿ ಮೂವತ್ತು ವರ್ಷ ಸೇವೆ ಮಾಡಿದರೆ 30,000 ವರ್ಷ. ಎಲ್ಲರೂ ಓದುವುದಿಲ್ಲ, ಬರಿದೆ ಅರ್ಜಿ ಹಾಕುವವರೂ ಉಂಟು ಎಂದು ನೀವು ಹೇಳುತ್ತೀರಿ. ಸರಿ, ನಾಲ್ವರಲ್ಲಿ ಒಬ್ಬರೇ ಓದಿದರೆನ್ನಿ. ಆಗಲೂ ಹುದ್ದೆ ಹುಡುಕಿದ ಕಾಲ, ಹುದ್ದೆಯಲ್ಲಿ ದುಡಿಯುವ ಕಾಲಕ್ಕೆ ಸಮಸಮ! ಓದು ಎರಡರಷ್ಟಾದರೂ ಹುದ್ದೆ ಸಾವಿರದ ಒಂದಾಗುವುದಿಲ್ಲ.

ಇದು ನಮ್ಮಲ್ಲಿ ಮಾತ್ರವಲ್ಲ. ಉತ್ತರ ಪ್ರದೇಶದಲ್ಲಿ 2015ರಲ್ಲಿ 368 ಜವಾನರ ಹುದ್ದೆಗೆ 23 ಲಕ್ಷ ಅರ್ಜಿ ಬಂದವು. ಒಮ್ಮೊಮ್ಮೆ ಓದಿದ್ದೂ ಎರಡು ಸಲ ಸುಡುತ್ತದೆ. 545 ಪೊಲೀಸ್ ಸಬ್ ಇನ್ಸ್‌ಪೆಕ್ಟರ್ ಹುದ್ದೆಗಳಿಗೆ 2021ರ ಅಕ್ಟೋಬರಿನಲ್ಲಿ ನಡೆದ ಪರೀಕ್ಷೆ ಅಕ್ರಮದಿಂದ 2022ರಲ್ಲಿ ರದ್ದಾಗಿ, ಮರುಪರೀಕ್ಷೆ ನಡೆದದ್ದು 2024ರ ಜನವರಿಯಲ್ಲಿ. ಪ್ರಾಮಾಣಿಕವಾಗಿ ಬರೆದವರು ನಡುವೆ ಏನು ಮಾಡಬೇಕಿತ್ತು?

ಹುಡುಗರನ್ನು ಬೈಯುವುದು ಸುಲಭ, ನ್ಯಾಯವಲ್ಲ. 1941ರಲ್ಲಿ ಹರಿಹರದಲ್ಲಿ ಆರಂಭವಾದ ಮೈಸೂರು ಕಿರ್ಲೋಸ್ಕರ್ ಕಾರ್ಖಾನೆ ಮುಚ್ಚಿ ಇಪ್ಪತ್ತು ವರ್ಷ ದಾಟಿತು. ದಾವಣಗೆರೆಯ ಹಳೆಯ ಹತ್ತಿ ಗಿರಣಿಗಳೂ ಹೋದವು. ತಿಂಗಳ ಸಂಬಳದ ಬಾಗಿಲುಗಳು ಕಡಿಮೆಯಾದಷ್ಟೂ ಉಳಿದ ಬಾಗಿಲ ಮುಂದೆ ನೂಕುನುಗ್ಗಲು. ಎತ್ತರದ ಪೈರಿನ ನಡುವೆ ಒಂದೇ ಗಿಡ ಗಿಡ್ಡವಾದರೆ ಅದು ನೆರಳಿನಲ್ಲಿ ಸಾಯುತ್ತದೆ. ನಿಮ್ಮ ಮಗನೊಬ್ಬನೇ ಓದು ಬಿಟ್ಟರೂ ಹಾಗೆಯೇ. ಸಂಬಳ ಬರುವ ನಾನು ಈ ಮಾತು ಆಡುತ್ತಿದ್ದೇನೆಂಬುದೂ ನನಗೆ ಗೊತ್ತು.

ಎಲ್ಲರೂ ಒಟ್ಟಿಗೆ ತಗ್ಗುವ ಉಪಾಯ ಬೇಕು. ಒಂದೇ ಅರ್ಹತಾ ಪರೀಕ್ಷೆ ನಡೆಸಿ ಅದರ ಅಂಕಗಳನ್ನು ಮೂರು ವರ್ಷ ಹಲವು ಹುದ್ದೆಗಳಿಗೆ ಬಳಸುವ ಯೋಜನೆಗೆ ಕೇಂದ್ರ ಸಂಪುಟ 2020ರ ಆಗಸ್ಟಿನಲ್ಲಿ ಒಪ್ಪಿಗೆ ಕೊಟ್ಟಿತು. ಇಂಥದ್ದನ್ನು ರಾಜ್ಯದ ಹುದ್ದೆಗಳಿಗೂ ಕೇಳಿ ಗ್ರಾಮಸಭೆಯಲ್ಲಿ ನಿರ್ಣಯ ಮಾಡಿ ಕಳುಹಿಸಬಹುದು. ಊರಿನ ಮಟ್ಟದಲ್ಲಿಯೂ ಕೆಲಸವಿದೆ. ಪ್ರತಿ ಮಗುವಿಗೂ ಬೇರೆ ಬೇರೆ ಪುಸ್ತಕ ಕೊಳ್ಳುವ ಬದಲು ಪಂಚಾಯಿತಿ ಗ್ರಂಥಾಲಯಕ್ಕೆ ಒಂದು ಕಂತೆ ತರಿಸಿ. ಎಷ್ಟು ವರ್ಷ ಪ್ರಯತ್ನವೆಂದು ಮನೆಯಲ್ಲಿ ಮೊದಲೇ ಮಾತಾಡಿಕೊಳ್ಳಿ, ಮೂವತ್ತು ದಾಟಿದ ಮೇಲೆ ಜಗಳವಾಡಬೇಡಿ. ಓದುವ ವರ್ಷಗಳಲ್ಲೇ ಟ್ರ್ಯಾಕ್ಟರ್ ರಿಪೇರಿಯೋ ಹೈನಿನ ಲೆಕ್ಕವೋ ಕೈಗೆ ಬರಲಿ.

ಮುಂದಿನ ಸಭೆಗೆ ಬರುವಾಗ ಕಳೆದ ಎರಡು ವರ್ಷ ಅರ್ಜಿ ಶುಲ್ಕ, ತರಬೇತಿ, ಕೋಣೆ ಬಾಡಿಗೆ, ಬಸ್ಸಿಗೆ ನಿಮ್ಮ ಮನೆಯಿಂದ ಹೋದ ಹಣವನ್ನು ಒಂದು ಚೀಟಿಯಲ್ಲಿ ಬರೆದು ತನ್ನಿ. ಹೆಸರು ಬೇಡ, ಮೊತ್ತ ಸಾಕು. ಊರಿನ ಒಟ್ಟು ಲೆಕ್ಕವನ್ನು ಅಲ್ಲಿಯೇ ಕೂಡಿಸೋಣ.